ಕೋಳಿ ವಿಷಯಕ್ಕೆ ಪುಟ್ಟಿಗೆ ದೊಡ್ಡಮ್ಮನ ಉತ್ತರ

ಪುಟ್ಟಿ, ನಿನ್ನ ಮೆಸೇಜು ಈಗ ಕೇಳಿದೆ ಕಣಮ್ಮ. ಫೋನು ಚಾರ್ಜಿಗೆ ಹಾಕಿ ತೋಟಕ್ಕೆ ಹೋಗಿದ್ದೆ. ಸಂತೆಯಿಂದ ಐದು ಗಿರಿರಾಜ, ಒಂದು ಜೋಡಿ ಕಡಕ್‌ನಾಥ್ ತಂದಿದ್ದೀನಿ, ಮನೆಯ ನಾಟಿ ಕೋಳಿಗಳ ಜೊತೆ ಬಿಡಬಹುದಾ, ಹೊಸದರಲ್ಲಿ ಒಂದು ತೂಕಡಿಸ್ತಾ ಇದೆ, ಗಾಡಿಯಲ್ಲಿ ಬಂದ ಸುಸ್ತಾ ಅಂತ ಕೇಳಿದ್ದೀಯ. ಅಷ್ಟರಲ್ಲಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಉತ್ತರ ಕೊಟ್ಟು ಮುಗಿಸಿದ್ದಾರೆ. ಒಬ್ಬರು ಅರಿಶಿನದ ನೀರು ಅಂದರು, ಒಬ್ಬರು ಬೆಳ್ಳುಳ್ಳಿ ಅಂದರು. ಬೆಂಗಳೂರಿನ ಮೂರನೇ ಮಹಡಿಯಲ್ಲಿ ಕೂತು ಕೋಳಿಗೆ ಮದ್ದು ಹೇಳುತ್ತಾರೆ, ನೋಡು.

ಬಿಡಬೇಡ. ಹೊಸ ಕೋಳಿಯನ್ನು ಹಳೇ ಕೋಳಿಗಳ ಜೊತೆ ಬಿಡಬೇಡ. ಅದು ಗಿರಿರಾಜನೇ ಇರಲಿ, ಕಡಕ್‌ನಾಥೇ ಇರಲಿ, ಪಕ್ಕದ ಬೀದಿಯ ನಾಟಿಯೇ ಇರಲಿ. ಯಾವ ಜಾತಿ ಅನ್ನುವುದು ಆಮೇಲಿನ ಮಾತು.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ನಮ್ಮ ಹಳೇ ಮನೆ ಹಿತ್ತಲು ನಿನಗೆ ನೆನಪಿರಬೇಕು. ಹುಣಸೆ ಮರದ ಪಕ್ಕ, ಕೊಟ್ಟಿಗೆ ಗೋಡೆಗೆ ಒರಗಿಸಿದ ಗೂಡು. ಆಗ ನನ್ನ ಹತ್ತಿರ ಒಳ್ಳೇ ಕೋಳಿ ಇದ್ದವು. ಎಲ್ಲಾ ನಾಟಿ. ಅದರಲ್ಲಿ ಒಂದು ಬೂದಿ ಬಣ್ಣದ ಹ್ಯಾಟೆ ಇತ್ತು. ಅದು ಕಾವಿಗೆ ಕೂತರೆ ಇಟ್ಟ ಮೊಟ್ಟೆ ಹಾಳಾಗಿದ್ದೇ ಕಡಿಮೆ. ಇಪ್ಪತ್ತೊಂದನೇ ದಿನಕ್ಕೆ ಮರಿ ಎಬ್ಬಿಸಿಕೊಂಡು ಅಂಗಳಕ್ಕೆ ಬರುತ್ತಿತ್ತು. ಹದ್ದು ಬಂದರೆ ಹದ್ದಿನ ಮೇಲೇ ಹಾರುತ್ತಿತ್ತು. ಊರವರು ಮೊಟ್ಟೆ ತಂದು, ಅಕ್ಕ ಇದನ್ನೂ ಅದರ ಕೆಳಗೆ ಇಡಿ ಅಂತ ಕೊಟ್ಟು ಹೋಗುತ್ತಿದ್ದರು.

ಯುಗಾದಿ ಹತ್ತಿರ ಬಂದಿತ್ತು. ನಿಮ್ಮ ಚಿಕ್ಕಪ್ಪ, ಗುಂಪಿನಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ, ಸಂತೆಗೆ ಹೋದವನು ಒಂದು ದೊಡ್ಡ ಹುಂಜ ಮತ್ತೆ ಕೆಲವು ಹ್ಯಾಟೆ ಹಿಡಿದುಕೊಂಡು ಬಂದ. ಅಸೀಲ್ ಅಂತೆ. ಆಂಧ್ರದ ಕಡೆ ಜಗಳಕ್ಕೆ ಬಿಡುವ ಜಾತಿ. ಉದ್ದ ಕಾಲು, ಉದ್ದ ಕತ್ತು, ನೋಡಲಿಕ್ಕೆ ಗಂಭೀರವಾಗಿತ್ತು, ಸುಳ್ಳು ಹೇಳಬಾರದು. ಅರ್ಧ ಬೆಲೆಗೆ ಸಿಕ್ಕಿತು ಅಂತ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ತೋರಿಸಿದ. ಕತ್ತಲಾದ ಮೇಲೆ ಸೀದಾ ನನ್ನ ಗೂಡಿಗೆ ನೂಕಿದ. ನಾನು ಅಂದೆ, ಬೇಡ ಕಣಪ್ಪ, ಕೊಟ್ಟಿಗೆಯಲ್ಲಿ ಮಂಕರಿ ಕೆಳಗೆ ಇಡು, ನಾಲ್ಕು ದಿನ ನೋಡೋಣ. ಅದಕ್ಕೆ ಅವನು, "ಕೋಳಿಗೂ ಮಡಿ ಮೈಲಿಗೆ ಏನತ್ತಿಗೆ?" ಅಂದ. ಎಲ್ಲರೂ ನಕ್ಕರು.

ಒಂದೆರಡು ದಿನ ಏನೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಆ ಹುಂಜ ಕೂಗಲೇ ಇಲ್ಲ. ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ನಿಂತಿತ್ತು. ತೂಕಡಿಸುವುದು ಅಂತ ನೀನು ಹೇಳಿದೆಯಲ್ಲ, ಅದೇ. ಹಿಕ್ಕೆ ಹಸಿರು ನೀರಿನ ಹಾಗೆ. ಮಾರನೇ ದಿನ ಸತ್ತಿತು. ಅಲ್ಲಿಂದ ನನ್ನ ಕೋಳಿಗಳಿಗೆ ಶುರುವಾಯಿತು. ಬಾಯಿ ತೆರೆದು ಗೊರ ಗೊರ ಉಸಿರು. ಕೆಲವಕ್ಕೆ ಕತ್ತು ತಿರುಚಿಕೊಂಡಿತು, ಮುಂದಕ್ಕೆ ಹೋಗಬೇಕು ಅಂದರೆ ಹಿಂದಕ್ಕೆ ನಡೆಯುತ್ತಿದ್ದವು. ಪಶು ಆಸ್ಪತ್ರೆಯ ಡಾಕ್ಟರು ಬಂದು ನೋಡಿ, ಇದು ಕೊಕ್ಕರೆ ರೋಗ, ರಾಣಿಖೇತ್ ಅನ್ನುವುದು ಇದನ್ನೇ, ಬಂದ ಮೇಲೆ ಇದಕ್ಕೆ ಔಷಧಿ ಇಲ್ಲ ಅಮ್ಮ, ಬರುವ ಮೊದಲು ಲಸಿಕೆ ಹಾಕಿಸಬೇಕು ಅಷ್ಟೇ ಅಂದರು. ಹೊಸತೊಡಕಿಗೆ ಗೂಡಿನಲ್ಲಿ ಒಂದು ಹುಂಜ ಉಳಿದಿರಲಿಲ್ಲ. ಬೂದಿ ಹ್ಯಾಟೆಯೂ ಹೋಯಿತು.

ಅರ್ಧ ಬೆಲೆಗೆ ಯಾಕೆ ಸಿಕ್ಕಿತು ಅಂತ ಆಮೇಲೆ ಗೊತ್ತಾಯಿತು. ಒಂದು ಊರಿನಲ್ಲಿ ನಾಲ್ಕು ಮನೆಯ ಕೋಳಿ ಸಾಯಲಿಕ್ಕೆ ಶುರುವಾದರೆ ಐದನೇ ಮನೆಯವರು ಏನು ಮಾಡುತ್ತಾರೆ? ಸಾಯುವ ಮೊದಲು ಕಾಸು ಮಾಡಿಕೊಳ್ಳೋಣ ಅಂತ ಮಂಕರಿಗೆ ತುಂಬಿಕೊಂಡು ಸಂತೆಗೆ ಹೋಗುತ್ತಾರೆ. ಸಂತೆ ದಿನ ಅವು ಚೆನ್ನಾಗೇ ಕಾಣುತ್ತವೆ. ರೋಗ ಒಳಗೆ ಹೊಕ್ಕು ಹೊರಗೆ ಕಾಣಲಿಕ್ಕೆ ಎರಡು ದಿನವೂ ಸಾಕು, ಎರಡು ವಾರವೂ ಆಗಬಹುದು. ಲಸಿಕೆ ಹಾಕಿಸಿಕೊಂಡ ಕೋಳಿ ತಾನು ಚೆನ್ನಾಗಿದ್ದುಕೊಂಡೇ ಬೇರೆಯವಕ್ಕೆ ಹಂಚಬಹುದು. ನಾಟಿಗೆ ರೋಗ ಬರಲ್ಲ ಅಂತ ಗುಂಪಿನಲ್ಲಿ ಒಬ್ಬರು ಬರೆದಿದ್ದಾರಲ್ಲ, ಅದು ಶುದ್ಧ ಸುಳ್ಳು. ನಾಟಿ ಗಟ್ಟಿ, ಹೌದು. ಬಿಸಿಲು ತಡೆಯುತ್ತದೆ, ಮುಂಗುಸಿ ಕಂಡರೆ ಓಡುತ್ತದೆ. ಕೊಕ್ಕರೆ ರೋಗದ ಮುಂದೆ ಅದರ ಗಟ್ಟಿತನ ನಡೆಯಲ್ಲ. ಅದಕ್ಕೇ ಹೇಳುತ್ತೇನೆ, ಹೊಸ ಕೋಳಿಯನ್ನು ಹಳೇ ಗೂಡಿಗೆ ಬಿಡಬೇಡ.

ಆ ಕೋಳಿ ಹೋಗಿದ್ದು ಬರೀ ಕೋಳಿ ಹೋಗಿದ್ದಲ್ಲ ಪುಟ್ಟಿ. ನಿನ್ನ ವಯಸ್ಸಿನವರಿಗೆ ಇದು ಅರ್ಥವಾಗಲ್ಲ. ಕೊಬ್ಬರಿ ದುಡ್ಡು, ರಾಗಿ ದುಡ್ಡು, ಹಾಲಿನ ದುಡ್ಡು ಎಲ್ಲಾ ಗಂಡಸರ ಜೇಬಿಗೆ. ಮೊಟ್ಟೆ ದುಡ್ಡು ಒಂದೇ ನಮ್ಮ ಸೆರಗಿನ ಗಂಟಿನಲ್ಲಿ ಇರುತ್ತಿದ್ದದ್ದು. ನನ್ನ ಓಲೆ ಆಗ ಗಿರವಿಯಲ್ಲಿತ್ತು. ಹೊಸತೊಡಕಿಗೆ ಹುಂಜಗಳನ್ನು ಮಾರಿ ಬಿಡಿಸಿಕೊಳ್ಳೋಣ ಅಂತ ಲೆಕ್ಕ ಹಾಕಿದ್ದೆ. ನಿಮ್ಮ ಚಿಕ್ಕಪ್ಪ ಒಂದು ಮಾತು, ತಪ್ಪಾಯಿತು ಅತ್ತಿಗೆ ಅಂದನಾ? ಇಲ್ಲ. "ನಿನ್ನ ಕೈಗುಣ ಸರಿ ಇಲ್ಲ, ನನ್ನ ಅಸೀಲ್ ಹುಂಜ ಕೂಡ ಸತ್ತಿತು" ಅಂದ! ನಮ್ಮತ್ತೆಯವರೂ ತಲೆ ಆಡಿಸಿದರು. ಆಮೇಲೆ ಹಿಸೆ ಆದಾಗ ಹಿತ್ತಲು ಯಾರಿಗೆ ಹೋಯಿತು? ಅವನಿಗೆ. ಹುಣಸೆ ಮರ, ಗೂಡು ಇದ್ದ ಜಾಗ, ಬಾವಿ ಕಡೆ ದಾರಿ, ಎಲ್ಲಾ. ನಮಗೆ ಬೀದಿ ಕಡೆ ಜಗಲಿ. ಜಗಲಿಯಲ್ಲಿ ಕೋಳಿ ಸಾಕಲಿಕ್ಕಾಗುತ್ತದಾ? ಅಲ್ಲಿ ಈಗ ಅವನು ಸಿಮೆಂಟು ಹಾಕಿಸಿ ಕಾರು ನಿಲ್ಲಿಸುತ್ತಾನೆ.

ನೀವಾದರೂ ಅಷ್ಟೇ. ಹೊಸತೊಡಕಿಗೆ ಎಲ್ಲರೂ ಬರುತ್ತೀರಿ, ಸಂತೋಷ. ನಾಟಿ ಕೋಳಿ ಸಾರು, ಮುದ್ದೆ ಉಂಡು ಖಾರ ಜಾಸ್ತಿ ಅನ್ನುತ್ತೀರಿ. ಹೋಗುವಾಗ ರಾಗಿ ಡಬ್ಬದಲ್ಲಿ ಮೊಟ್ಟೆ ಹೂತುಕೊಂಡು ಹೋಗುತ್ತೀರಿ. ಆ ಕೋಳಿಗಳನ್ನು ಯಾರು ಬೆಳಿಗ್ಗೆ ಬಿಟ್ಟರು, ಯಾರು ಸಂಜೆ ಮುಚ್ಚಿದರು ಅಂತ ಒಬ್ಬರೂ ಕೇಳಿದ್ದಿಲ್ಲ. ಡಬ್ಬ ವಾಪಸ್ಸು ಬಂದಿದ್ದೂ ಇಲ್ಲ. ಇರಲಿ ಬಿಡು.

ಎಲ್ಲಿದ್ದೆ ನಾನು? ಹಾಂ, ಜಾತಿ ವಿಷಯ.

ಗಿರಿರಾಜ ಒಳ್ಳೇ ಕೋಳಿ, ನಾನು ಬೇಡ ಅನ್ನಲ್ಲ. ಹೆಬ್ಬಾಳದಲ್ಲಿ ನಮ್ಮ ಕೃಷಿ ವಿಶ್ವವಿದ್ಯಾಲಯದವರೇ ಹಿತ್ತಲಿಗೆ ಅಂತ ಮಾಡಿದ್ದು, 1989ರಲ್ಲಿ ಬಿಟ್ಟರು. ಮೈ ಮೇಲೆ ನಾಲ್ಕಾರು ಬಣ್ಣ ಇರುತ್ತದೆ, ಬಿಳಿ ಫಾರಂ ಕೋಳಿಯ ಹಾಗೆ ದೂರದಿಂದಲೇ ಹದ್ದಿನ ಕಣ್ಣಿಗೆ ಬೀಳಲ್ಲ. ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. ನಮ್ಮ ನಾಟಿ 50, 60 ಇಟ್ಟರೆ ಹೆಚ್ಚು. ಬರೀ ಮೊಟ್ಟೆಯೇ ಬೇಕು ಅಂದರೆ ಅಲ್ಲಿಯವರದೇ ಸ್ವರ್ಣಧಾರಾ ಇನ್ನೂ ಜಾಸ್ತಿ ಇಡುತ್ತದೆ. ಹೆಸರಘಟ್ಟದ ಕೋಳಿ ಸಾಕಣೆ ಕೇಂದ್ರದಲ್ಲಿ ಕಾವೇರಿ ಅಂತ ಒಂದು ತಳಿ ಇದೆ, ನಿನಗೆ ಮಾಗಡಿಯಿಂದ ದೂರವೂ ಅಲ್ಲ. ವನರಾಜ, ಗ್ರಾಮಪ್ರಿಯ ಹೈದರಾಬಾದಿನವು.

ಆದರೆ ಗಿರಿರಾಜ ಕಾವಿಗೆ ಕೂರಲ್ಲ. ಮೊಟ್ಟೆ ಇಟ್ಟು ಎದ್ದು ಹೋಗುತ್ತದೆ. ಮರಿ ಮಾಡಿಸಬೇಕು ಅಂದರೆ ನಾಟಿ ಹ್ಯಾಟೆಯೇ ಬೇಕು, ಅದಕ್ಕೇ ಅವನ್ನು ಮಾರಬೇಡ. ಮಾಡಿಸಿದರೂ ಆ ಮರಿಗಳು ತಾಯಿಯ ಹಾಗೆ ಬರಲ್ಲ, ಮುಂದಿನ ತಲೆಗೆ ತೂಕ, ಮೊಟ್ಟೆ ಎರಡೂ ಇಳಿಯುತ್ತವೆ. ಮತ್ತೆ ಮರಿ ಬೇಕಾದರೆ ಹೆಬ್ಬಾಳಕ್ಕೇ ಹೋಗಬೇಕು. ಗಿರಿರಾಜ ಹುಂಜ ಮೂರು ಕೆಜಿ ದಾಟುತ್ತದೆ. ನಿನ್ನ ನಾಟಿ ಹ್ಯಾಟೆ ಅದರ ಅರ್ಧ ಇಲ್ಲ. ಅದು ಮೇಲೇರಿದರೆ ಬೆನ್ನಿನ ಪುಕ್ಕ ಕಿತ್ತು ಗಾಯವಾಗುತ್ತದೆ. ನಾಟಿ ತಳಿ ಉಳಿಯಬೇಕು ಅಂದರೆ ಹುಂಜ ನಾಟಿಯದೇ ಇರಲಿ, ಎಂಟು ಹತ್ತು ಹ್ಯಾಟೆಗೆ ಒಂದು ಸಾಕು. ಮಿಕ್ಕ ಹುಂಜಗಳು ಸಾರಿಗೆ. ಬೇರೆ ಹುಂಜ ಜೊತೆಗಿತ್ತು ಅಂದರೆ, ಅದನ್ನು ತೆಗೆದ ಮೇಲೂ ಮೂರು ವಾರ ಬಿಟ್ಟೇ ಕಾವಿಗೆ ಮೊಟ್ಟೆ ಎತ್ತಿಡು. ಅಲ್ಲಿಯವರೆಗೆ ಅದರ ಬೀಜ ಹ್ಯಾಟೆಯ ಒಳಗೇ ಇರುತ್ತದೆ.

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯದು. 2018ರಲ್ಲಿ ಅದಕ್ಕೆ ಜಿಐ ಗುರುತು, ಅಂದರೆ ಇದು ಆ ಸೀಮೆಯದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು, ಅಲ್ಲಿಂದ ಎಲ್ಲರಿಗೂ ಹುಚ್ಚು. ಮಾಂಸ, ಮೂಳೆ ಎಲ್ಲಾ ಕಪ್ಪು, ಆದರೆ ಮೊಟ್ಟೆ ಕಪ್ಪಲ್ಲ. ಕಪ್ಪು ಮೊಟ್ಟೆ ಅಂತ ಯಾರಾದರೂ ಮಾರಿದರೆ ಬಣ್ಣ ಹಾಕಿದ್ದಾರೆ ಅಂತ ತಿಳಿ. ಮೊಟ್ಟೆಯೂ ಕಡಿಮೆ, ಕಾವಿಗೂ ಅಷ್ಟು ಒಳ್ಳೆಯದಲ್ಲ, ಬೆಳೆಯುವುದೂ ನಿಧಾನ. ನನ್ನ ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ತಂದಾಯಿತು, ಸಾಕು.

ಇನ್ನು ನಿನ್ನ ಐದು ಗಿರಿರಾಜ ನಿಜವಾದ ಗಿರಿರಾಜನೇ ಅಂತ ಯಾರು ಹೇಳಿದರು? ಮೊಟ್ಟೆ ಫಾರಂಗಳಿಗೆ ಗಂಡು ಮರಿ ಬೇಡ. ಅವನ್ನು ಅಗ್ಗಕ್ಕೆ ತಂದು, ಬೈಕಿನ ಹಿಂದೆ ಬಲೆ ಬುಟ್ಟಿ ಕಟ್ಟಿ, ಗಿರಿರಾಜ ಗಿರಿರಾಜ ಅಂತ ಊರೂರು ಕೂಗಿ ಮಾರುತ್ತಾರೆ. ಫೋಟೋ ಹಾಕು, ಕಾಲು ಕಾಣುವ ಹಾಗೆ. ಮರಿಯನ್ನು ಕೇಂದ್ರದಿಂದಲೇ ತಂದರೆ ಮೊದಲ ಲಸಿಕೆ ಆಗಿದೆಯಾ ಅಂತ ಕೇಳಲಿಕ್ಕಾದರೂ ಒಬ್ಬರು ಇರುತ್ತಾರೆ.

ಅಯ್ಯೋ, ನೋಡು, ನೀನು ಕೇಳಿದ ಆ ತೂಕಡಿಸುವ ಕೋಳಿ! ಅದನ್ನೇ ಹೇಳಲಿಲ್ಲ. ಇದನ್ನು ಈಗಲೇ ಮಾಡು. ಏಳೂ ಹೊಸ ಕೋಳಿ ನಾಟಿಯಿಂದ ದೂರ ಇರಲಿ. ಗಾಡಿ ಶೆಡ್ಡಿನ ಆ ತುದಿಗೆ ಹಾಕು, ಗಾಳಿ ಅಲ್ಲಿಂದ ನಿನ್ನ ಗೂಡಿನ ಕಡೆ ಬೀಸಬಾರದು. ತೂಕಡಿಸುವುದನ್ನು ಅವುಗಳಿಂದಲೂ ಬೇರೆ ಮಾಡಿ ಒಂದು ರಟ್ಟಿನ ಡಬ್ಬದಲ್ಲಿಡು. ನೀರಿನ ಬಟ್ಟಲು ಬೇರೆ, ಕಾಳಿನ ತಟ್ಟೆ ಬೇರೆ. ಬೆಳಿಗ್ಗೆ ಮೊದಲು ಹಳೇ ಕೋಳಿಗೆ ಹಾಕು, ಆಮೇಲೆ ಹೊಸದಕ್ಕೆ, ಕಾಯಿಲೆಯದು ಕೊನೆಗೆ. ಆ ಕಡೆಗೆ ಹೋಗಲಿಕ್ಕೆ ಬೇರೆ ಚಪ್ಪಲಿ ಇಟ್ಟುಕೋ, ಬಂದು ಸೋಪು ಹಾಕಿ ಕೈ ತೊಳಿ. ಮಗುವನ್ನು ಹತ್ತಿರ ಬಿಡಬೇಡ. ಡಬ್ಬದ ಕೆಳಗೆ ಪೇಪರು ಹಾಕಿದರೆ ಹಿಕ್ಕೆಯ ಬಣ್ಣ ಕಾಣುತ್ತದೆ. ಹಸಿರು ಇದೆಯಾ, ನೀರಾಗಿದೆಯಾ, ಉಸಿರಿಗೆ ಬಾಯಿ ತೆರೆಯುತ್ತದೆಯಾ ನೋಡು. ಬರೀ ಗಾಡಿಯ ಸುಸ್ತಾದರೆ ನೀರು ಕುಡಿದು, ನೆರಳಲ್ಲಿ ಕೂತು ರಾತ್ರಿಯೊಳಗೆ ಎದ್ದು ಕಾಳು ಹೆಕ್ಕುತ್ತದೆ.

ಏಳಲಿಲ್ಲ ಅಂದರೆ ಬೆಳಿಗ್ಗೆ ಪಶು ಆಸ್ಪತ್ರೆಗೆ ತಗೊಂಡು ಹೋಗು. ಸತ್ತರೂ ಬಿಸಾಡಬೇಡ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತೋರಿಸು, ಕೊಯ್ದು ನೋಡಿದರೆ ಏನು ರೋಗ ಅಂತ ಹೇಳುತ್ತಾರೆ. ಒಂದೇ ಸಲ ಮೂರು ನಾಲ್ಕು ಸತ್ತರೆ ಆಸ್ಪತ್ರೆಗೆ ಆಗಲೇ ಫೋನು ಮಾಡು, ನೀನೇ ಮುಟ್ಟಲಿಕ್ಕೆ ಹೋಗಬೇಡ. ಕೊಯ್ದು ಸಾರು ಮಾಡಿಬಿಡು ಅಂತ ನಿಮ್ಮ ಮಾವ ಹಾಕಿದ್ದಾರಲ್ಲ, ಆ ಮಾತು ಕೇಳಬೇಡ. ರೋಗದ ಕೋಳಿಯ ಪುಕ್ಕ, ಕರುಳು ಹಿತ್ತಲಲ್ಲಿ ಬಿದ್ದರೆ ನಾಯಿ, ಕಾಗೆ ಊರಿಗೆಲ್ಲ ಹಂಚುತ್ತವೆ. ಆಸ್ಪತ್ರೆಯಲ್ಲಿ ತೋರಿಸಿದ ಮೇಲೆ ಆಳಕ್ಕೆ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚು.

ಎಲ್ಲಾ ಚೆನ್ನಾಗಿದ್ದರೂ ಒಂದು ತಿಂಗಳು ಬೇರೆಯೇ ಇರಲಿ. ಆಮೇಲೆ ಬಿಡುವಾಗ ಕತ್ತಲಾದ ಮೇಲೆ ಗೂಡಿಗೆ ಸೇರಿಸು, ಬೆಳಿಗ್ಗೆ ಕಚ್ಚಾಟ ಕಡಿಮೆ ಇರುತ್ತದೆ. ಕಾಳನ್ನು ಎರಡು ಮೂರು ಕಡೆ ಹಾಕು, ಇಲ್ಲದಿದ್ದರೆ ದೊಡ್ಡವು ಚಿಕ್ಕವಕ್ಕೆ ಬಿಡಲ್ಲ.

ಲಸಿಕೆ ಮರೆತೆ. ನಿನ್ನ ನಾಟಿಗೆ ಯಾವಾಗ ಹಾಕಿಸಿದ್ದೆ? ಮರಿಗೆ ಮೊದಲ ವಾರ ಲಸೋಟಾ ಅಂತ ಕೊಕ್ಕರೆ ರೋಗದ ಲಸಿಕೆ ಕಣ್ಣಿಗೆ ಒಂದು ಹನಿ, ಎರಡನೇ ವಾರ ಗಂಬೋರೋ ಅನ್ನುವ ಇನ್ನೊಂದು ರೋಗಕ್ಕೆ, ನಾಲ್ಕನೇ ವಾರ ಮತ್ತೆ ಲಸೋಟಾ, ಎರಡು ತಿಂಗಳ ಹೊತ್ತಿಗೆ ಕೊಕ್ಕರೆ ರೋಗಕ್ಕೇ ಆರ್‌ಟುಬಿ ಅಂತ ರೆಕ್ಕೆ ಕೆಳಗೆ ಚರ್ಮಕ್ಕೆ ಸೂಜಿ. ಈಗ ಕಾಯಿಲೆ ಕೋಳಿ ಮನೆಯಲ್ಲಿರುವಾಗ ಹಾಕಬಹುದಾ ಅಂತ ಡಾಕ್ಟರನ್ನೇ ಕೇಳು, ನಾನು ಹೇಳಲ್ಲ. ಒಂದು ಸೀಸೆಯಲ್ಲಿ ನೂರು ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅದಕ್ಕೆ ಬೀದಿಯವರಿಗೆಲ್ಲ ಹೇಳಿ ಒಂದೇ ಸಂಜೆ ಹಾಕಿಸಿ, ಒಬ್ಬರಿಗೇ ಖರ್ಚಾಗಲ್ಲ. ಐಸು ಹಾಕಿದ ಫ್ಲಾಸ್ಕಿನಲ್ಲೇ ತರಬೇಕು, ಬಿಸಿಲಿನಲ್ಲಿ ಜೇಬಿನಲ್ಲಿಟ್ಟು ತಂದರೆ ಬರೀ ನೀರು ಚುಚ್ಚಿದ ಹಾಗೆ. ಫ್ಲಾಸ್ಕು ನಿಮ್ಮಮ್ಮನ ಅಟ್ಟದ ಮೇಲಿದೆ, ನನ್ನದೇ ಅದು, ಅವಳು ಬಾಣಂತನಕ್ಕೆ ಅಂತ ತಗೊಂಡು ಹೋಗಿದ್ದು.

ಡಾಕ್ಟರು ಏನಂದರು ಅಂತ ನನಗೇ ಫೋನು ಮಾಡು. ಗುಂಪಿಗೆ ಹಾಕಬೇಡ, ಮತ್ತೆ ಬೆಳ್ಳುಳ್ಳಿ ಶುರು ಮಾಡುತ್ತಾರೆ.