ಡಿಗ್ರಿ ಮುಗಿಸುವ ಮೊದಲೇ ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಹೊರಟಿದ್ದಾನೆ ಮಗ. ಅನುಭವ ಇದ್ದವರು ದಯವಿಟ್ಟು ಹೇಳಿ

ಡಲ್ಲಾಸ್ ಹತ್ತಿರದಿಂದ ಒಬ್ಬ ತಾಯಿ:

ಎಲ್ಲರಿಗೂ ನಮಸ್ಕಾರ. ನಾವು ಹಾಸನದ ಕಡೆಯವರು, ಟೆಕ್ಸಾಸ್‌ಗೆ ಬಂದು ಇಪ್ಪತ್ತನಾಲ್ಕು ವರ್ಷ ಆಯಿತು. ಮಗ ಕಾಲೇಜಿನಲ್ಲಿ ಮೂರನೇ ವರ್ಷ, ಸಿವಿಲ್ ಇಂಜಿನಿಯರಿಂಗ್. ಸ್ಕಾಲರ್‌ಶಿಪ್ ಸಿಕ್ಕಿದ್ದು ಅಮೆರಿಕನ್ ಫುಟ್‌ಬಾಲ್‌ನಿಂದ. ಸೇಫ್ಟಿ ಆಡುತ್ತಾನೆ, ಅಂದರೆ ಎಲ್ಲರಿಗಿಂತ ಹಿಂದೆ ನಿಂತು ಎದುರಾಳಿಯ ಉದ್ದನೆಯ ಎಸೆತ ತಡೆಯುವವನು. ಇನ್ನೂ 34 ಕ್ರೆಡಿಟ್ ಬಾಕಿ ಇದೆ. ಅಷ್ಟರಲ್ಲಿ ಕಾಲೇಜು ಬಿಟ್ಟು ಏಪ್ರಿಲ್‌ನ ಡ್ರಾಫ್ಟ್‌ಗೆ ಹೆಸರು ಕೊಡುತ್ತೇನೆ ಅನ್ನುತ್ತಿದ್ದಾನೆ. ಡ್ರಾಫ್ಟ್ ಅಂದರೆ ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗ್‌ನ ತಂಡಗಳು ಸುತ್ತು ಸುತ್ತಾಗಿ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು. ಜನವರಿ ಮಧ್ಯದೊಳಗೆ ತೀರ್ಮಾನ ಆಗಬೇಕು.

ಕೋಚ್ ಮೂಲಕ ಎನ್‌ಎಫ್‌ಎಲ್‌ನ ಸಲಹಾ ಸಮಿತಿಗೆ ಕೇಳಿಸಿದೆವು. ಮೊದಲ ಸುತ್ತೂ ಅಲ್ಲ, ಎರಡನೇ ಸುತ್ತೂ ಅಲ್ಲ ಎಂದು ಉತ್ತರ ಬಂತು. ದಿನಾ ಫೋನ್ ಮಾಡುವ ಏಜೆಂಟ್ ಒಬ್ಬರು ಮಾತ್ರ ಮೂರನೇ ಸುತ್ತು ಗ್ಯಾರಂಟಿ ಅನ್ನುತ್ತಾರೆ. ನಮ್ಮ ಯಜಮಾನರು ಈ ವಿಷಯ ಎತ್ತಿದರೆ ಊಟದ ತಟ್ಟೆ ಬಿಟ್ಟು ಎದ್ದು ಹೋಗುತ್ತಾರೆ. ಮಗನ ಕನಸಿಗೆ ಅಡ್ಡ ಬರಲು ನನಗೆ ಮನಸ್ಸಿಲ್ಲ, ಕಣ್ಣು ಮುಚ್ಚಿಕೊಂಡು ಹೂಂ ಅನ್ನಲು ಧೈರ್ಯವೂ ಇಲ್ಲ. ಈ ದಾರಿ ಕಂಡವರು ಯಾರಾದರೂ ಇದ್ದೀರಾ?

ಅಟ್ಲಾಂಟಾದಿಂದ ಒಬ್ಬ ತಂದೆ:

ಅಕ್ಕಾ, ನೀವು ಬರೆದದ್ದು ಓದಿ ಏಳು ವರ್ಷದ ಹಿಂದಿನ ನಮ್ಮ ಮನೆ ಕಣ್ಣ ಮುಂದೆ ಬಂತು. ನಾವು ಧಾರವಾಡದವರು. ನಮ್ಮ ಹುಡುಗ ಕಾರ್ನರ್‌ಬ್ಯಾಕ್, ಅಂದರೆ ಅಂಚಿನಲ್ಲಿ ನಿಂತು ಎದುರಾಳಿ ಎಸೆತ ಹಿಡಿಯದಂತೆ ತಡೆಯುವವನು. 2019ರ ಜನವರಿಯಲ್ಲಿ ಮೂರನೇ ವರ್ಷಕ್ಕೇ ಬಿಟ್ಟ. ಸಮಿತಿಯಿಂದ ಅವನಿಗೂ ಇದೇ ಉತ್ತರ ಬಂದಿತ್ತು.

ಆ ಉತ್ತರವನ್ನು ನಾವು ಓದಿಕೊಂಡ ರೀತಿಯಲ್ಲೇ ತಪ್ಪಿತ್ತು. ಸಮಿತಿ ಹೇಳುವುದು ಮೂರೇ ಮಾತು: ಮೊದಲ ಸುತ್ತು, ಎರಡನೇ ಸುತ್ತು, ಎರಡೂ ಅಲ್ಲ. ಎರಡೂ ಅಲ್ಲ ಎಂದರೆ ಮರಳಿ ಹೋಗಿ ಓದು, ಇನ್ನೊಂದು ವರ್ಷ ಆಡು ಎಂದೇ ಅರ್ಥ. ಆದರೆ ಮೂರನೇ ಸುತ್ತಿನಿಂದ ಹಿಡಿದು ಯಾರೂ ಕರೆಯದೇ ಇರುವವರೆಗೆ ಎಲ್ಲವೂ ಆ ಒಂದು ಮಾತಿನೊಳಗೇ ಅಡಗಿರುತ್ತದೆ. ಆ ಖಾಲಿ ಜಾಗವನ್ನು ಏಜೆಂಟ್ ತನಗೆ ಬೇಕಾದ ಹಾಗೆ ತುಂಬಿಕೊಟ್ಟ, ನಾವು ನಂಬಿದೆವು.

ಆ ವರ್ಷ ಡ್ರಾಫ್ಟ್ ನ್ಯಾಶ್‌ವಿಲ್‌ನಲ್ಲಿ. ಶುಕ್ರವಾರ ಸಂಜೆ ಎರಡು, ಮೂರನೇ ಸುತ್ತು. ಮನೆ ತುಂಬ ಜನ, ಹೆಂಡತಿ ಹೋಳಿಗೆ ಮಾಡಿದ್ದಳು. ಅವತ್ತು ಹೆಸರು ಬರಲಿಲ್ಲ. ಶನಿವಾರ ನಾಲ್ಕರಿಂದ ಏಳನೇ ಸುತ್ತಿನವರೆಗೆ ಟಿವಿ ಮುಂದೆ ಕೂತಿದ್ದೆವು. ಮಧ್ಯಾಹ್ನ ಕಳೆದಂತೆ ಬಂದವರು ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡರು. ಏನು ಹೇಳಬೇಕೋ ಅವರಿಗೂ ತಿಳಿಯಲಿಲ್ಲ. 254 ಹೆಸರು ಕೂಗಿ ಮುಗಿಸಿದರು, ಅದರಲ್ಲಿ ನಮ್ಮವನದು ಇರಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ತಂಡದಿಂದ ಫೋನ್ ಬಂತು, ಆಯ್ಕೆಯಾಗದವರಿಗೆ ಕೊಡುವ ಒಪ್ಪಂದಕ್ಕೆ. ಕಾಗದದ ಮೇಲೆ ಮೂರು ವರ್ಷ ಎಂದಿತ್ತು. ಕೈಗೆ ಬಂದ ಸಹಿ ಹಣ ಕೆಲವೇ ಸಾವಿರ ಡಾಲರ್.

ಬೇಸಿಗೆ ಕ್ಯಾಂಪ್‌ನಲ್ಲಿ 90 ಹುಡುಗರು, ಕೊನೆಗೆ ಉಳಿಯುವವರು 53. ಆಗಸ್ಟ್ ಕೊನೆಯಲ್ಲಿ ಅವನನ್ನು ಕೈಬಿಟ್ಟರು, ಮರುದಿನ ಪ್ರಾಕ್ಟೀಸ್ ಸ್ಕ್ವಾಡ್‌ಗೆ, ಅಂದರೆ 53ರ ಹೊರಗಿದ್ದು ತಂಡದ ಜೊತೆ ಅಭ್ಯಾಸ ಮಾಡುವ ಗುಂಪಿಗೆ, ಕರೆದರು. ಆಗ ವಾರಕ್ಕೆ 8,000 ಡಾಲರ್. ಕೇಳಲು ದೊಡ್ಡದು, ಆದರೆ ಆರೇ ವಾರಕ್ಕೆ ಅದೂ ಮುಗಿಯಿತು. ಆಮೇಲೆ ಮಂಗಳವಾರ ಬಂತೆಂದರೆ ಬ್ಯಾಗ್ ಕಟ್ಟಿಕೊಂಡು ಒಂದೊಂದು ಊರಿಗೆ ತಂಡಗಳ ಆಯ್ಕೆ ಪರೀಕ್ಷೆಗೆ ಹೋಗುವುದು. 2020ರ ಬೇಸಿಗೆಯಲ್ಲಿ ಕೋವಿಡ್‌ನಿಂದ ಲೀಗ್‌ಗೆ ಮುಂಚಿನ ಪ್ರೀಸೀಸನ್ ಪಂದ್ಯಗಳೇ ನಡೆಯಲಿಲ್ಲ. ಹೆಸರಿಲ್ಲದ ಹುಡುಗರು ತಮ್ಮ ಆಟ ತೋರಿಸಲು ಇದ್ದ ಜಾಗವೇ ಅದು. ಅಲ್ಲಿಗೆ ನಮ್ಮವನ ಆಟ ನಿಂತಿತು.

ಇನ್ನೊಂದು ವಿಷಯ. ಜನವರಿಯಿಂದ ಮಾರ್ಚ್‌ವರೆಗೆ ಬೇರೆ ರಾಜ್ಯದಲ್ಲಿಟ್ಟು ತರಬೇತಿ, ರೂಮು, ಊಟ ಎಲ್ಲ ಏಜೆಂಟೇ ನೋಡಿಕೊಂಡ. ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡೆವು. ಮುಂದೆ ಆ ಏಜೆಂಟನ್ನು ಬಿಟ್ಟಾಗ ಆ ಖರ್ಚೆಲ್ಲ ಬಿಲ್ಲಾಗಿ ನಮ್ಮ ಮನೆಗೆ ಬಂತು. ಸಹಿ ಹಾಕಿದ ಕಾಗದದಲ್ಲಿ ಬರೆದೇ ಇತ್ತು, ನಾವು ಓದಿರಲಿಲ್ಲ.

ಮಗ ವಾಪಸ್ ಹೋಗಿ 2022ರ ಡಿಸೆಂಬರ್‌ನಲ್ಲಿ ಡಿಗ್ರಿ ಮುಗಿಸಿದ, ಈಗ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾನೆ, ಸಂಜೆ ಮಕ್ಕಳಿಗೆ ಆಟ ಕಲಿಸುತ್ತಾನೆ. ಒಮ್ಮೆ ಕೇಳಿದೆ, ಬಿಟ್ಟಿದ್ದಕ್ಕೆ ಬೇಜಾರಿದೆಯೇನೋ ಅಂತ. "ಪ್ರಯತ್ನ ಪಟ್ಟಿದ್ದಕ್ಕೆ ಇಲ್ಲ ಅಪ್ಪಾ, ಒಂದು ವರ್ಷ ಮೊದಲೇ ಪಟ್ಟೆನಲ್ಲ, ಅದಕ್ಕೆ" ಅಂದ. ನಿಮ್ಮ ಏಜೆಂಟನ್ನು ಇಷ್ಟು ಕೇಳಿ ಅಕ್ಕಾ: ಮೂರನೇ ಸುತ್ತು ಅಂತ ಹೇಳಿದ ತಂಡ ಯಾವುದು, ಆ ತಂಡದಲ್ಲಿ ಹೇಳಿದವರು ಯಾರು, ಈ ವರ್ಷದ ಸೇಫ್ಟಿಗಳಲ್ಲಿ ನಿಮ್ಮ ಮಗ ಎಷ್ಟನೆಯವನು. ಹೆಸರು ಹೇಳದೆ ಬರೀ ಭರವಸೆ ಕೊಟ್ಟರೆ ಫೋನ್ ಇಟ್ಟುಬಿಡಿ.

ಮಿಡ್‌ವೆಸ್ಟ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಆಟಗಾರರ ಓದು ನೋಡಿಕೊಳ್ಳುವವರು:

ನಾನು ಮೈಸೂರಿನವಳು. ಇಂಥ ಹುಡುಗರ ಕ್ರೆಡಿಟ್ ಲೆಕ್ಕ ಹಾಕುವುದೇ ನನ್ನ ಕೆಲಸ. ಮೊದಲು ಹಿಂದಿರುಗುವ ಬಾಗಿಲ ವಿಷಯ ಹೇಳುತ್ತೇನೆ, ಏಕೆಂದರೆ ಬ್ಯಾಸ್ಕೆಟ್‌ಬಾಲ್ ನೋಡಿ ಎಷ್ಟೋ ಮನೆಯವರು ತಪ್ಪು ತಿಳಿದಿರುತ್ತಾರೆ. ಅಲ್ಲಿ ಹೆಸರು ಕೊಟ್ಟು, ತಂಡಗಳ ಮುಂದೆ ಆಡಿ ತೋರಿಸಿ, ಆಮೇಲೂ ಕಾಲೇಜಿಗೆ ಮರಳಬಹುದು. ಫುಟ್‌ಬಾಲ್‌ನಲ್ಲಿ ಹೆಸರು ಕೊಡುವ ಕೊನೆಯ ದಿನ ಕಳೆದ ಮೇಲೆ ಅದನ್ನು ಹಿಂಪಡೆಯಲು ಸಿಗುವುದು ಮೂರೇ ದಿನ. ಫೆಬ್ರವರಿ ಕೊನೆಯಲ್ಲಿ ತಂಡಗಳು ಹುಡುಗರ ಓಟ, ಬಲ ಅಳೆಯುವ ಇಂಡಿಯಾನಾಪೊಲಿಸ್‌ನ ಪರೀಕ್ಷೆ ಶುರುವಾಗುವ ಎಷ್ಟೋ ಮೊದಲೇ ಬಾಗಿಲು ಮುಚ್ಚಿರುತ್ತದೆ. ವೃತ್ತಿ ಒಪ್ಪಂದಕ್ಕೆ ಏಜೆಂಟನ್ನು ಗೊತ್ತು ಮಾಡಿಕೊಂಡರಂತೂ ಆ ಮೂರು ದಿನವೂ ಇಲ್ಲ. ಜಾಹೀರಾತು ಹಣ ನೋಡಿಕೊಳ್ಳುವ ಏಜೆಂಟ್ ಬೇರೆ, ಅವರಿದ್ದರೆ ತೊಂದರೆಯಿಲ್ಲ. ಆದ್ದರಿಂದ ಈಗ ಯಾವ ಕಾಗದ ಬಂದರೂ ಅದು ಯಾವುದಕ್ಕೆ ಎಂದು ನಿಯಮ ಪಾಲನೆ ನೋಡುವ ಕಾಲೇಜಿನ ಕಂಪ್ಲಯನ್ಸ್ ಆಫೀಸಿಗೆ ತೋರಿಸದೆ ಸಹಿ ಬೇಡ.

ಈ ಬಾಗಿಲು ಎಷ್ಟು ಗಟ್ಟಿ ಅನ್ನುವುದಕ್ಕೆ 2004ರ ಒಂದು ಪ್ರಕರಣ ಸಾಕು. ಹೈಸ್ಕೂಲ್ ಮುಗಿದು ಮೂರು ವರ್ಷ ಆಗದೆ ಡ್ರಾಫ್ಟ್‌ಗೆ ಬರುವಂತಿಲ್ಲ ಎಂಬ ನಿಯಮವನ್ನು ಓಹಾಯೋ ಸ್ಟೇಟ್‌ನ ಮಾರಿಸ್ ಕ್ಲಾರೆಟ್ ಕೋರ್ಟಿನಲ್ಲಿ ಪ್ರಶ್ನಿಸಿದ. ಫೆಬ್ರವರಿಯಲ್ಲಿ ಗೆದ್ದ. ಆ ತೀರ್ಪು ನಂಬಿ ಸದರ್ನ್ ಕ್ಯಾಲಿಫೋರ್ನಿಯಾದ ಮೈಕ್ ವಿಲಿಯಮ್ಸ್ ಕೂಡ ಏಜೆಂಟ್ ಹಿಡಿದು ಕಾಲೇಜು ಬಿಟ್ಟ. ಮೇಲ್ಮನವಿಯಲ್ಲಿ ತೀರ್ಪು ತಿರುಗಿತು, ವಿಲಿಯಮ್ಸ್‌ನನ್ನು ಕಾಲೇಜು ಆಟಕ್ಕೆ ಮತ್ತೆ ಸೇರಿಸಲಿಲ್ಲ. ಇಬ್ಬರೂ ಒಂದಿಡೀ ವರ್ಷ ಆಡದೆ ಕೂತರು. 2005ರಲ್ಲಿ ವಿಲಿಯಮ್ಸ್‌ಗೆ ಹತ್ತನೇ ಸ್ಥಾನವೇನೋ ಸಿಕ್ಕಿತು. ಕ್ಲಾರೆಟ್ ಮೂರನೇ ಸುತ್ತಿನಲ್ಲಿ ಡೆನ್ವರ್‌ಗೆ ಹೋದರೂ ಒಂದೇ ಒಂದು ಲೀಗ್ ಪಂದ್ಯ ಆಡಲಿಲ್ಲ.

ಇನ್ನು 34 ಕ್ರೆಡಿಟ್. ಆಮೇಲೆ ಮುಗಿಸುತ್ತೇನೆ ಎಂದು ಎಲ್ಲರೂ ಹೇಳಿಯೇ ಹೋಗುತ್ತಾರೆ, ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಲೀಗ್ ನಡೆಯುವುದು ಸೆಪ್ಟೆಂಬರ್‌ನಿಂದ, ಅಂದರೆ ಫಾಲ್ ಸೆಮಿಸ್ಟರ್ ಪೂರ್ತಿ ಹೋಯಿತು. ಸ್ಪ್ರಿಂಗ್‌ನಲ್ಲಿ ಸೇರಿದರೆ ಏಪ್ರಿಲ್‌ಗೆ ತಂಡದ ಅಭ್ಯಾಸ ಶುರು. ಸಿವಿಲ್‌ನಲ್ಲಿ ಲ್ಯಾಬ್ ಇದೆ, ಕೊನೆಯ ವರ್ಷದ ಪ್ರಾಜೆಕ್ಟ್ ಇದೆ, ಅವನ್ನು ಹೋಟೆಲ್ ರೂಮಿನಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ಮುಗಿಸಲಾಗದು. ಯಾವ ವಿಷಯ ಫಾಲ್‌ನಲ್ಲಿ ಮಾತ್ರ ಇರುತ್ತದೆ ಎಂದು ವಿಭಾಗದಲ್ಲಿ ಈಗಲೇ ಬರೆಸಿಕೊಳ್ಳಿ. ಮರಳಿ ಬಂದರೆ ಸ್ಕಾಲರ್‌ಶಿಪ್ ಉಂಟೇ ಎಂಬುದನ್ನೂ ಬಾಯಿಮಾತಿಗೆ ಬಿಡದೆ ಬರಹದಲ್ಲಿ ಪಡೆಯಿರಿ. ಫುಟ್‌ಬಾಲ್ ಆಟಗಾರರಿಗೆ ಇದು ಒಂದೊಂದು ಕಾಲೇಜಿನಲ್ಲಿ ಒಂದೊಂದು ಥರ.

ಟ್ಯಾಂಪಾದಿಂದ ಒಬ್ಬ ಫಿಸಿಯೋಥೆರಪಿಸ್ಟ್:

ಎಲ್ಲರೂ ಉಳಿಯಲಿ ಅನ್ನುತ್ತಿದ್ದೀರಿ, ನಾನು ಇನ್ನೊಂದು ಮಗ್ಗುಲನ್ನೂ ಹೇಳಬೇಕು. ದಿನಾ ಮೊಣಕಾಲು ನೋಡುವವಳು ನಾನು. ಕಾಲೇಜಿನಲ್ಲಿ ಬಿದ್ದ ಪೆಟ್ಟನ್ನೂ ದೇಹ ಲೆಕ್ಕ ಇಟ್ಟುಕೊಳ್ಳುತ್ತದೆ. ನೋಟ್ರ ಡಾಮ್‌ನ ಜೇಲನ್ ಸ್ಮಿತ್ ಮೊದಲ ಸುತ್ತಿನಲ್ಲೇ ಹೋಗುವ ಹುಡುಗ. 2016ರ ಜನವರಿ 1ರಂದು, ಕಾಲೇಜಿನ ಕೊನೆಯ ಪಂದ್ಯದಲ್ಲಿ ಮಂಡಿಯ ಅಸ್ಥಿಬಂಧ ಹರಿದುಕೊಂಡ, ನರಕ್ಕೂ ಪೆಟ್ಟಾಯಿತು, ಡ್ರಾಫ್ಟ್‌ನಲ್ಲಿ 34ನೇ ಸ್ಥಾನಕ್ಕೆ ಜಾರಿದ. ಆ ವರ್ಷವಿಡೀ ಅವನು ಮೈದಾನದ ಹೊರಗೇ ಇದ್ದ. ಮೊದಲ ಎರಡು ಸುತ್ತು ಎಂದು ಸಮಿತಿಯೇ ಹೇಳಿದರೆ, ಅದರಲ್ಲೂ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಆದರೆ, ಒಂದು ದಿನವೂ ಕಾಯಬೇಡಿ ಎಂದೇ ನಾನು ಹೇಳುವುದು.

ನಮ್ಮ ಫ್ಲಾರಿಡಾದ ಎಮಿಟ್ ಸ್ಮಿತ್ ಹಾಗೇ ಮಾಡಿದ್ದು. ಮೂರನೇ ವರ್ಷದವರಿಗೆ ದಾರಿ ತೆರೆದ 1990ರಲ್ಲೇ ಕಾಲೇಜು ಬಿಟ್ಟ, 17ನೇ ಸ್ಥಾನದಲ್ಲಿ ನಿಮ್ಮ ಡಲ್ಲಾಸ್‌ಗೇ ಬಂದ. ಡಿಗ್ರಿ ಮುಗಿಸುತ್ತೇನೆ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದ. ಮೂರು ಸೂಪರ್ ಬೌಲ್ ಗೆದ್ದ ಮೇಲೆ, 1996ರಲ್ಲಿ, ಆ ಮಾತು ಉಳಿಸಿಕೊಂಡ. ಆದರೆ ತಾಯೀ, ನಿಮ್ಮ ಮಗ ಸೇಫ್ಟಿ, ಉತ್ತರ ಬಂದಿರುವುದು ಎರಡೂ ಅಲ್ಲ ಎಂದು. ಅವನ ವಿಷಯದಲ್ಲಿ ನನಗೂ ಅಟ್ಲಾಂಟಾದವರ ಮಾತೇ ಸರಿ ಕಾಣುತ್ತದೆ. ಉಳಿಯುವುದಾದರೆ ಗಾಯದಿಂದ ಬೆಲೆ ಕುಸಿದರೆ ಪರಿಹಾರ ಕೊಡುವ ವಿಮೆಯ ಬಗ್ಗೆ ಕಾಲೇಜಿನಲ್ಲೇ ಕೇಳಿ.

ಬೆಂಗಳೂರಿನಿಂದ ಒಬ್ಬ ಕ್ರಿಕೆಟ್ ಕೋಚ್:

ನಮ್ಮ ಅನಿಲ್ ಕುಂಬ್ಳೆ 1990ರಲ್ಲೇ ಭಾರತಕ್ಕೆ ಆಡಿ ಆರ್‌ವಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸಲಿಲ್ಲವೇ? ಎರಡನ್ನೂ ಹಿಡಿಯಬಹುದಲ್ಲ?

ಮಿಡ್‌ವೆಸ್ಟ್‌ನವರು:

ಸರ್, ಕುಂಬ್ಳೆ ದೇಶಕ್ಕೆ ಆಡಿದರು ಅಂತ ಯಾರೂ ಅವರನ್ನು ಕಾಲೇಜು ತಂಡದಿಂದ ಹೊರಗೆ ಹಾಕಲಿಲ್ಲ. ಇಲ್ಲಿ ಎರಡು ದೋಣಿಯಲ್ಲಿ ಕಾಲಿಡಲು ನಿಯಮವೇ ಬಿಡುವುದಿಲ್ಲ. ಹೋಲಿಸಬೇಕಾದರೆ ಸ್ಟ್ಯಾನ್‌ಫರ್ಡ್‌ನ ಆಂಡ್ರ್ಯೂ ಲಕ್ ಇದ್ದಾರೆ. 2011ರಲ್ಲಿ ಬಂದಿದ್ದರೆ ಮೊದಲ ಸ್ಥಾನ ಅವರದೇ ಎಂದು ಎಲ್ಲರೂ ಹೇಳುತ್ತಿದ್ದರು. ಆದರೂ ಆರ್ಕಿಟೆಕ್ಚರಲ್ ಡಿಸೈನ್ ಡಿಗ್ರಿ ಮುಗಿಸಲು ಉಳಿದರು, 2012ರಲ್ಲಿ ಮೊದಲನೆಯವರಾಗಿಯೇ ಹೋದರು. ಗಾಯಗಳಿಂದ ಬೇಸತ್ತು 29ನೇ ವಯಸ್ಸಿಗೇ ಆಟ ಬಿಟ್ಟರು. 2024ರಿಂದ ಅದೇ ಸ್ಟ್ಯಾನ್‌ಫರ್ಡ್ ಫುಟ್‌ಬಾಲ್‌ನ ಜನರಲ್ ಮ್ಯಾನೇಜರ್.

ನ್ಯೂಜೆರ್ಸಿಯಿಂದ ಒಬ್ಬ ಲೆಕ್ಕಪತ್ರದವರು:

ಹಣದ ಮಾತು ಯಾರೂ ಬಿಡಿಸಿ ಹೇಳಲಿಲ್ಲ. 2025ರಲ್ಲಿ ಹೊಸಬನ ಕನಿಷ್ಠ ಸಂಬಳ 8,40,000 ಡಾಲರ್. ಅದು 53ರೊಳಗೆ ಇದ್ದವನಿಗೆ ಮಾತ್ರ, 18 ವಾರಕ್ಕೆ ಹಂಚಿ ಕೊಡುತ್ತಾರೆ. ಐದನೇ ವಾರ ಕೈಬಿಟ್ಟರೆ ಆರನೇ ವಾರದ ಚೆಕ್ ಇಲ್ಲ. ಪ್ರಾಕ್ಟೀಸ್ ಸ್ಕ್ವಾಡ್ ಆದರೆ ವಾರಕ್ಕೆ 13,000. ಕೊನೆಯ ಸುತ್ತುಗಳಲ್ಲಿ ಹೋದವರ ನಾಲ್ಕು ವರ್ಷದ ಒಪ್ಪಂದ ಕಾಗದದ ಮೇಲೆ 40 ಲಕ್ಷ ಡಾಲರ್ ದಾಟಿ ಕಾಣುತ್ತದೆ, ಖಚಿತವಾಗಿ ಕೈಗೆ ಸಿಗುವುದು ಸಹಿ ಹಣ ಮಾತ್ರ. ಏಜೆಂಟ್ ಕಮಿಷನ್ ಶೇಕಡಾ 3ನ್ನು ಮೀರುವಂತಿಲ್ಲ. ಪಿಂಚಣಿಗೆ ಮೂರು ಸೀಸನ್ ಆಗಬೇಕು.

ಇನ್ನೊಂದು ತಟ್ಟೆಯಲ್ಲಿ ಏನಿದೆ ನೋಡಿ. 2021ರ ಜುಲೈನಿಂದ ಕಾಲೇಜು ಆಟಗಾರರು ಜಾಹೀರಾತಿಗೆ ತಮ್ಮ ಹೆಸರು ಕೊಟ್ಟು ಸಂಪಾದಿಸಬಹುದು. 2025ರ ಜುಲೈನಿಂದ ಕಾಲೇಜೇ ನೇರವಾಗಿ ಕೊಡಬಹುದು, ಒಂದು ಕಾಲೇಜು ತನ್ನ ಎಲ್ಲ ಆಟಗಾರರಿಗೂ ಸೇರಿ ಮೊದಲ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರ್‌ವರೆಗೆ. ಬೇಗ ಬಿಡುವವರ ಸಂಖ್ಯೆ 2021ರಲ್ಲಿ ಸುಮಾರು 130 ಇದ್ದದ್ದು 2024ಕ್ಕೆ 58ಕ್ಕೆ ಇಳಿಯಿತು. ಈ ಹಣವೇ ಅದಕ್ಕೆ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ. ನಿಮ್ಮ ಕಡೆಯ ಸೌತ್‌ಲೇಕ್‌ನ ಕ್ವಿನ್ ಎವರ್ಸ್‌ನನ್ನೇ ನೋಡಿ ಮೇಡಂ. ಟೆಕ್ಸಾಸ್ ತಂಡವನ್ನು ಸತತ ಎರಡು ವರ್ಷ ಸೆಮಿಫೈನಲ್‌ಗೆ ಕರೆದೊಯ್ದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು), ಕಾಲೇಜಿನಲ್ಲಿ ಇನ್ನೊಂದು ವರ್ಷ ಇತ್ತು. ಬಿಟ್ಟು ಬಂದ. 2025ರಲ್ಲಿ ಏಳನೇ ಸುತ್ತು, 231ನೇ ಸ್ಥಾನ. ಮನೆಯಲ್ಲಿ ಸಾಲ, ಕಾಯಿಲೆ ಇಂಥದ್ದೇನೂ ಇಲ್ಲದಿದ್ದರೆ ಹಣದ ಅವಸರಕ್ಕೆ ಬಿಡುವ ಕಾಲ ಇದಲ್ಲ.

ಡಲ್ಲಾಸ್‌ನ ತಾಯಿ, ನಾಲ್ಕು ದಿನದ ನಂತರ:

ನಿಮ್ಮೆಲ್ಲರ ಕಾಲಿಗೆ ನಮಸ್ಕಾರ. ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಮಗನ ಕನ್ನಡ ಓದು ನಿಧಾನ, ಹಾಗಾಗಿ ರಾತ್ರಿ ನಾನೇ ಗಟ್ಟಿಯಾಗಿ ಓದಿದೆ. ಅಟ್ಲಾಂಟಾದ ಶನಿವಾರದ ಮಾತು ಬಂದಾಗ ನಮ್ಮ ಯಜಮಾನರೂ ಬಂದು ಪಕ್ಕದಲ್ಲಿ ಕೂತರು.

ಆ ಮೂರು ಪ್ರಶ್ನೆಗಳನ್ನು ಮಗನೇ ಏಜೆಂಟ್‌ಗೆ ಕೇಳಿದ. ಒಂದು ತಂಡದ ಹೆಸರೂ ಬರಲಿಲ್ಲ, ನನ್ನನ್ನು ನಂಬು ಅಂದರಂತೆ. ಅವನು ಇನ್ನೂ ಏನೂ ತೀರ್ಮಾನಿಸಿಲ್ಲ, ನಾವೂ ಒತ್ತಾಯ ಮಾಡುತ್ತಿಲ್ಲ. ಆದರೆ ನಿನ್ನೆ ಸ್ಪ್ರಿಂಗ್ ಸೆಮಿಸ್ಟರ್‌ಗೆ ನಾಲ್ಕು ವಿಷಯ ನೋಂದಾಯಿಸಿ ಬಂದ. ಸೋಮವಾರ ಕೋಚ್ ಜೊತೆ ಕೂತು ಮುಂದಿನ ವರ್ಷ ಕಾಲೇಜಿನಿಂದ ಎಷ್ಟು ಕೊಡುತ್ತಾರೆ, ವಿಮೆಗೆ ಯಾರು ಹಣ ಕಟ್ಟುತ್ತಾರೆ ಎಂದು ಕೇಳಲಿದ್ದಾನೆ. ಅಟ್ಲಾಂಟಾದ ಅಣ್ಣಾ, ತರಬೇತಿ ಖರ್ಚು ವಾಪಸ್ ಕೊಡಬೇಕು ಅನ್ನುವ ಆ ಮಾತು ಮುಖ್ಯ ಒಪ್ಪಂದದಲ್ಲೇ ಇತ್ತಾ, ಬೇರೆ ಕಾಗದದಲ್ಲಿತ್ತಾ? ಏಜೆಂಟ್ ಕಳಿಸಿದ ಮೂರು ಕಾಗದ ಇಲ್ಲೇ ಮೇಜಿನ ಮೇಲಿವೆ, ಯಾವುದಕ್ಕೂ ಸಹಿ ಆಗಿಲ್ಲ.