ಯಾಟ್, ದೋಣಿಕೂಟ ಮತ್ತು ದೋಣಿಗೆ ದೋಣಿ ಕಟ್ಟುವುದು: ಕರಾವಳಿಯವರಿಂದ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ದಕ್ಷಿಣ ತೀರಕ್ಕೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವೆ ಸೋಲೆಂಟ್ ಎಂಬ ಕಿರುಗಡಲಿದೆ. ಬೇಸಿಗೆಯಲ್ಲಿ ಶನಿವಾರ ಬಂತೆಂದರೆ ಇಲ್ಲಿನ ಯಾಟ್ ಮಾಲೀಕರ ಸಂಘದವರು ತಂತಮ್ಮ ದೋಣಿಗಳಲ್ಲಿ ಹೊರಟು, ಯಾವುದಾದರೊಂದು ಸಣ್ಣ ಬಂದರಿನಲ್ಲಿ ಸೇರಿ, ಒಟ್ಟಿಗೆ ಉಂಡು ಮಲಗಿ, ಭಾನುವಾರ ಮರಳುತ್ತಾರೆ. ಸ್ನೇಹಿತರೊಬ್ಬರ ದೋಣಿಯಲ್ಲಿ ನಾನೂ ಹೋಗುತ್ತಿರುತ್ತೇನೆ. ಕನ್ನಡ ಸಂಘದ ದೀಪಾವಳಿ ಸಂಚಿಕೆಗೆ ಇದರ ಬಗ್ಗೆ ಬರೆಯಲು ಕೂತರೆ ಪ್ಯಾರಾಕ್ಕೊಂದು ಪದ ತಡೆಯುತ್ತಿದೆ. ಅವುಗಳಲ್ಲಿ ಒಂದಂತೂ ನಮ್ಮ ಕರಾವಳಿಯಲ್ಲಿ ಇರಲೇಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮೊದಲು ‘ಯಾಟ್’. ನಿಘಂಟು ನೋಡಿದರೆ ವಿಹಾರನೌಕೆ, ಪತ್ರಿಕೆ ನೋಡಿದರೆ ಐಷಾರಾಮಿ ನೌಕೆ. ಎರಡನ್ನು ಓದಿದರೂ ಕಣ್ಣಮುಂದೆ ಬರುವುದು ಕೋಟ್ಯಧೀಶರ ಬಿಳಿ ಹಡಗು. ನಾನು ಹೋಗುವುದು ವೆಸ್ಟರ್ಲಿ ಸೆಂಟಾರ್ ಎಂಬ 26 ಅಡಿಯ ದೋಣಿಯಲ್ಲಿ. 1969ರಿಂದ ತಯಾರಾದ ಈ ಮಾದರಿ ಎರಡು ಸಾವಿರಕ್ಕೂ ಹೆಚ್ಚು ನೀರಿಗಿಳಿದಿದೆ. ಅಡಿಯಲ್ಲಿ ಒಂದರ ಬದಲು ಎರಡು ರೆಕ್ಕೆಗಳಿರುವುದರಿಂದ ಉಬ್ಬರ ಇಳಿದು ಕೆಸರು ಬಯಲಾದಾಗ ಮಗುಚದೆ ನೆಟ್ಟಗೆ ಕೂರುತ್ತದೆ. ಒಳಗೆ ಎರಡು ಉರಿಯ ಗ್ಯಾಸ್ ಒಲೆ, ಮಂಚವಾಗಿ ಬದಲಾಗುವ ಊಟದ ಮೇಜು, ಅಷ್ಟೇ. ಮಾಲೀಕರಲ್ಲಿ ನಿವೃತ್ತ ಮೇಷ್ಟ್ರು, ನರ್ಸ್, ನಲ್ಲಿ ರಿಪೇರಿಯವರು ಎಲ್ಲ ಇದ್ದಾರೆ. ಇವರ ದೋಣಿಗೆ ಐಷಾರಾಮ ಎಂಬ ಮಾತು ಹತ್ತುವುದಿಲ್ಲ.

ಆ ಅರ್ಥ ಅಂಟಿದ್ದಕ್ಕೆ ಚರಿತ್ರೆಯಲ್ಲಿ ಕಾರಣವಿಲ್ಲದಿಲ್ಲ. ಮೂಲ ಡಚ್ ಪದಕ್ಕೆ ಬೇಟೆ ಎಂದರ್ಥ. ಬೆನ್ನಟ್ಟಿ ಹೋಗುವ ಚುರುಕಾದ ಹಡಗುಗಳಿಗೆ ಆ ಹೆಸರಿತ್ತು. 1660ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ಪಟ್ಟಕ್ಕೆ ಮರಳಿದಾಗ ಡಚ್ಚರು ‘ಮೇರಿ’ ಎಂಬ ಯಾಟನ್ನು ಉಡುಗೊರೆ ಕೊಟ್ಟರು, ಅದು ಅರಸನ ಆಟದ ವಸ್ತುವಾಯಿತು. ಆದರೆ ಇಂದು ಇಲ್ಲಿ ಯಾಟ್ ಎಂದರೆ ಮೊದಲಿಗೆ ತೋರುವುದು ಹಾಯಿ. ನಮ್ಮ ಅಕ್ಕಪಕ್ಕದವರು ಇದನ್ನು ಸರಿಯಾಗಿ ಹಿಡಿದಿದ್ದಾರೆ. ಒಬ್ಬನೇ ಎಲ್ಲೂ ನಿಲ್ಲದೆ ಭೂಮಿ ಸುತ್ತಿ 2013ರಲ್ಲಿ ಮರಳಿದ ಅಭಿಲಾಷ್ ಟಾಮಿಯವರ ದೋಣಿಯನ್ನು ಮಲಯಾಳಿಗಳು ‘ಪಾಯ್‌ವಂಚಿ’ ಎನ್ನುತ್ತಾರೆ, ತಮಿಳರದು ‘ಪಾಯ್‌ಮರ ಪಡಗು’. ಆ ‘ಪಾಯ್’ ಪಕಾರ ಹಕಾರವಾಗಿ ನಮ್ಮಲ್ಲಿ ಹಾಯಿಯಾಗಿರುವುದು. ಹಾಗಾಗಿ ನಾನು ಹಾಯಿದೋಣಿ ಎಂದೇ ಬರೆಯುತ್ತಿದ್ದೇನೆ. ಹಾಯಿಯೇ ಇಲ್ಲದ ದೊಡ್ಡ ಮೋಟಾರು ಯಾಟುಗಳಿಗೆ ವಿಹಾರನೌಕೆ ಇದ್ದುಕೊಳ್ಳಲಿ. ಬೇರೆ ಅಭಿಪ್ರಾಯವಿದ್ದವರು ತಿಳಿಸಿ.

‘ಮಾಲೀಕರ ಸಂಘ’ ಎಂದರೆ ಲಾರಿ ಮಾಲೀಕರ ಸಂಘದ ಹಾಗೆ ಬೇಡಿಕೆಪಟ್ಟಿ, ಮುಷ್ಕರದ ನೆನಪು ಬರುತ್ತದೆ. ಒಂದೇ ಮಾದರಿಯ ದೋಣಿಯವರು ಬಿಡಿಭಾಗ ಹಂಚಿಕೊಳ್ಳುವ, ಜೊತೆಗೆ ಊಟ ಮಾಡುವ ಗುಂಪಿಗೆ ‘ಬಳಗ’ ಸಾಕು. ‘ಸೋಷಿಯಲ್ ಸೇಲಿಂಗ್’ ಅನ್ನು ಸಾಮಾಜಿಕ ನೌಕಾಯಾನ ಮಾಡಿದರೆ ಸಮಾಜಸೇವೆಗೆ ಹೊರಟಂತಾಗುತ್ತದೆ. ಚಹಾಕೂಟ, ಸಂತೋಷಕೂಟಗಳ ಸಾಲಿನಲ್ಲಿ ‘ದೋಣಿಕೂಟ’ ಎಂದಿಟ್ಟಿದ್ದೇನೆ. ಈ ಪದದ ಬಗ್ಗೆ ನನಗೆ ಅಳುಕಿಲ್ಲ.

ಇನ್ನು ನಿಜವಾದ ಪ್ರಶ್ನೆ. ಐಲ್ ಆಫ್ ವೈಟ್‌ನ ಯಾರ್ಮತ್‌ನಂಥ ಪುಟ್ಟ ಬಂದರಿನಲ್ಲಿ ಶನಿವಾರ ಸಂಜೆ ಎಲ್ಲರಿಗೂ ದಕ್ಕೆಯ ಪಕ್ಕ ಜಾಗ ಸಿಗುವುದಿಲ್ಲ. ಮೊದಲು ಬಂದವರು ದಕ್ಕೆಗೆ ಕಟ್ಟುತ್ತಾರೆ, ಎರಡನೆಯವರು ಆ ದೋಣಿಗೆ, ಮೂರನೆಯವರು ಎರಡನೆಯದಕ್ಕೆ. ಇದಕ್ಕೆ ಇಲ್ಲಿ ‘ರಾಫ್ಟ್ ಅಪ್’ ಎನ್ನುತ್ತಾರೆ. ಇದಕ್ಕೊಂದು ಶಿಸ್ತಿದೆ. ಹತ್ತಿರ ಬರುವಾಗಲೇ ಪಕ್ಕದುದ್ದಕ್ಕೂ ದೋಣಿಗಳು ಉಜ್ಜದಂತೆ ತಡೆಯುವ, ಗಾಳಿ ತುಂಬಿದ ಫೆಂಡರುಗಳನ್ನು ಇಳಿಬಿಡಬೇಕು. ಅಲೆಗೆ ಹೊರಳಿದರೆ ಒಂದರ ಕೂವೆಮರ ಇನ್ನೊಂದಕ್ಕೆ ಬಡಿಯದಂತೆ ದೋಣಿಗಳನ್ನು ತುಸು ಹಿಂದುಮುಂದಾಗಿ ನಿಲ್ಲಿಸಬೇಕು. (ಹಾಯಿ ಕಟ್ಟುವ ಕಂಬಕ್ಕೆ, ಅಂದರೆ ಮಾಸ್ಟಿಗೆ, ಹಳೆಯ ನಿಘಂಟುಗಳಲ್ಲಿರುವ ಈ ‘ಕೂವೆಮರ’ ಎಷ್ಟು ಚೆನ್ನಾಗಿದೆ, ಅದನ್ನು ಮತ್ತೆ ಬಳಕೆಗೆ ತರಬೇಕು.) ಪಕ್ಕದ ದೋಣಿಗೆ ಕಟ್ಟಿದರೆ ಸಾಲದು, ಹೊರಗಿನವರು ತಮ್ಮ ಹಗ್ಗವನ್ನು ಮೂತಿಯಿಂದಲೂ ಹಿಂಬದಿಯಿಂದಲೂ ದಡದವರೆಗೆ ಒಯ್ದು ಕಟ್ಟಬೇಕು, ಇಲ್ಲದಿದ್ದರೆ ಎಲ್ಲರ ಭಾರ ಒಳಗಿನ ದೋಣಿಯ ಮೇಲೆ ಬೀಳುತ್ತದೆ. ದಡಕ್ಕೆ ಹೋಗುವಾಗ ಇನ್ನೊಬ್ಬರ ದೋಣಿಯನ್ನು ಕೂವೆಮರದ ಮುಂದಿನಿಂದಲೇ ದಾಟಬೇಕು, ಅವರು ಕೂತು ಉಣ್ಣುವ ಹಿಂಭಾಗದಿಂದ ಅಲ್ಲ.

ಬೆಳಿಗ್ಗೆಯದು ಇನ್ನೊಂದು ಲೆಕ್ಕ. ಪಶ್ಚಿಮಕ್ಕೆ ಹೋಗುವವರು ಹರ್ಸ್ಟ್ ಕೋಟೆಯ ಇಕ್ಕಟ್ಟು ದಾಟಬೇಕು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸು ಅಲ್ಲಿ ನೀರು ನಾಲ್ಕು ನಾಟ್ ಮೀರಿ ಹರಿಯುತ್ತದೆ, ನಮ್ಮ ದೋಣಿಯ ಓಟ ಐದರ ಹತ್ತಿರ. ಇಳಿತ ಹಿಡಿಯದಿದ್ದರೆ ಇದ್ದಲ್ಲೇ ಇರಬೇಕಾಗುತ್ತದೆ. ಹಾಗಾಗಿ ಯಾರು ಎಷ್ಟು ಗಂಟೆಗೆ ಹೊರಡುತ್ತಾರೆಂದು ರಾತ್ರಿ ಊಟದ ಹೊತ್ತಿಗೇ ಕೇಳಿಕೊಂಡು, ಬೇಗ ಹೊರಡುವವರನ್ನು ಹೊರಗೆ ಕಟ್ಟಿಸುತ್ತಾರೆ. ದೋಣಿಕೂಟದ ಸ್ನೇಹವೆಲ್ಲ ಬೆಳೆಯುವುದು ಈ ಕಟ್ಟು ಬಿಚ್ಚುಗಳಲ್ಲೇ. ಲೇಖನದ ಜೀವವೂ ಅದೇ, ಅದಕ್ಕೇ ಸರಿಯಾದ ಪದ ಬೇಕೆನ್ನುತ್ತಿರುವುದು.

‘ತೆಪ್ಪ ಕಟ್ಟು’ ಎಂದರೆ ಬಿದಿರು ಕಡಿದು ತೆಪ್ಪ ಮಾಡಿದಂತಾಗುತ್ತದೆ. ‘ಸಾಲುಗಟ್ಟು’ ಎಂದರೆ ಒಂದರ ಹಿಂದೊಂದು ನಿಂತಂತೆ ಕೇಳಿಸುತ್ತದೆ. ‘ಮಗ್ಗುಲುಗಟ್ಟು’ ಎಂದೊಂದನ್ನು ಸದ್ಯಕ್ಕೆ ಇಟ್ಟಿದ್ದೇನೆ: “ಮೂರು ದೋಣಿ ಮಗ್ಗುಲುಗಟ್ಟಿದೆವು.” ಕಿವಿಗೆ ಹಿತವಾಗಿದೆ, ಆದರೆ ಇದು ಬರೆಯುವ ಮೇಜಿನಲ್ಲಿ ಹುಟ್ಟಿದ್ದು.

ಮಲ್ಪೆಯಲ್ಲಿ ಜೂನ್, ಜುಲೈಯ ಮೀನುಗಾರಿಕೆ ನಿಷೇಧದ ಹೊತ್ತಿಗೆ ಬೋಟುಗಳು ಹಳೆಯ ಟಯರುಗಳನ್ನು ಇಳಿಬಿಟ್ಟುಕೊಂಡು ಒಂದಕ್ಕೊಂದು ಆತು ನಿಂತಿರುವುದನ್ನು ನೋಡಿದವರಿಗೆ ನಾನು ಯಾವುದರ ಬಗ್ಗೆ ಹೇಳುತ್ತಿದ್ದೇನೆಂದು ಗೊತ್ತು. ದಿನವೂ ಈ ಕೆಲಸ ಮಾಡುವ ತಂಡೇಲರು (ಬೋಟು ನಡೆಸುವವರು), ಕಲಾಸಿಗಳು (ಬೋಟಿನ ಆಳುಗಳು) ಅದಕ್ಕೊಂದು ಮಾತು ಇಟ್ಟುಕೊಂಡಿರದೆ ಹೇಗೆ? ಮಲ್ಪೆ, ಗಂಗೊಳ್ಳಿ, ಹೊನ್ನಾವರ, ತದಡಿ, ಕಾರವಾರದ ಕಡೆಯ ಸದಸ್ಯರು ದಕ್ಕೆಯಲ್ಲಿ ಕೇಳಿ ತಿಳಿಸಿದರೆ ದೊಡ್ಡ ಉಪಕಾರ. ತುಳು, ಕೊಂಕಣಿ ಪದವಾದರೂ ಸರಿಯೇ. ಯಾವ ಊರಲ್ಲಿ ಯಾರ ಬಾಯಲ್ಲಿ ಕೇಳಿದ್ದು ಎಂಬುದನ್ನೂ ಬರೆಯಿರಿ. ಒಳಗಿನ ಬೋಟು ಹೊರಡಬೇಕಾದಾಗ ಹೊರಗಿನವರಿಗೆ ಏನೆಂದು ಕೂಗಿ ಹೇಳುತ್ತಾರೆ ಎಂಬುದು ಗೊತ್ತಾದರೆ ಅದೂ ಬೇಕು.