ಚಿಕ್ಕಪ್ಪ ಕಳಿಸಿದ ನಾಯಿ ವಿಡಿಯೊ, ಮನೆಯವರ ಗುಂಪಿನ ಜಗಳ

ಚಿಕ್ಕಪ್ಪ: (ಫಾರ್ವರ್ಡ್ ಮಾಡಿದ ವಿಡಿಯೊ. ಪಾರ್ಕಿನ ದಾರಿ. ಲೀಶ್, ಅಂದರೆ ಹಿಡಿದುಕೊಳ್ಳುವ ಹಗ್ಗ, ಇಲ್ಲದ ಕಂದು ನಾಯಿಯೊಂದು ಓಡಿ ಬರುತ್ತದೆ. ಲೀಶ್‌ನಲ್ಲಿರುವ ಇನ್ನೊಂದು ನಾಯಿ ಅದರ ಮೇಲೆ ಎಗರುತ್ತದೆ.)
ನೋಡಿ ಎಲ್ಲರೂ. ಕಂದು ನಾಯಿ ಪಾಪ ಆಟಕ್ಕೆ ಅಂತ ಹೋಯಿತು. ಅದನ್ನೇ ಕಚ್ಚಲು ಬಂತು ಇನ್ನೊಂದು. ಇಂಥ ನಾಯಿಯನ್ನು ಹೊರಗೆ ಕರೆತರಲೇಬಾರದು.

ತಮ್ಮ: ಹೌದು ಚಿಕ್ಕಪ್ಪ. ಸರಿಯಾಗಿ ಬೆಳೆಸಿಲ್ಲ ಅದನ್ನು.

ನಾನು: ಚಿಕ್ಕಪ್ಪ, ವಿಡಿಯೊ ಇನ್ನೊಂದು ಸಲ ನಿಧಾನಕ್ಕೆ ನೋಡಿ. ಲೀಶ್‌ನಲ್ಲಿದ್ದ ನಾಯಿ ಮೊದಲು ಮುಖ ಆಚೆ ತಿರುಗಿಸಿತು. ಆಮೇಲೆ ತುಟಿ ನೆಕ್ಕಿಕೊಂಡಿತು. ಆಮೇಲೆ ಮೈ ಬಿಗಿ ಮಾಡಿ ನಿಂತಿತು. ಹತ್ತಿರ ಬರಬೇಡ ಅಂತ ಮೂರು ಸಲ ಹೇಳಿತು. ಕಂದು ನಾಯಿ ಕೇಳಲಿಲ್ಲ, ಅದರ ಯಜಮಾನರೂ ನೋಡಲಿಲ್ಲ. ಎಗರಿದ್ದು ಅದಾದ ಮೇಲೆ.

ಚಿಕ್ಕಪ್ಪ: ಎರಡೂ ಬಾಲ ಅಲ್ಲಾಡಿಸುತ್ತಿದ್ದವಲ್ಲ ಆದರೆ? ಖುಷಿ ಇಲ್ಲದೆ ಬಾಲ ಆಡಿಸುತ್ತದಾ ನಾಯಿ?

ನಾನು: ಆಡಿಸುತ್ತದೆ. 2007ರಲ್ಲಿ ಇಟಲಿಯ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದ್ದರು. ತನ್ನ ಯಜಮಾನರನ್ನು ಕಂಡಾಗ ನಾಯಿಯ ಬಾಲ ಬಲಗಡೆಗೆ ಜಾಸ್ತಿ ಆಡುತ್ತಿತ್ತು. ಗುರುತಿಲ್ಲದ ಜೋರು ನಾಯಿಯನ್ನು ಕಂಡಾಗ ಎಡಗಡೆಗೆ. ದಾರಿಯಲ್ಲಿ ನಿಂತು ಎಡ ಬಲ ನೋಡಲು ನಮಗೆ ಆಗುವುದಿಲ್ಲ, ಬಿಡಿ. ಆದರೆ ಸೊಂಟದ ಸಮೇತ ಸಡಿಲವಾಗಿ ಆಡುವ ಬಾಲ ಬೇರೆ. ಮೇಲೆ ಎತ್ತಿ ಸೆಟೆದುಕೊಂಡು ಪಟಪಟ ಆಡುವ ಬಾಲ ಬೇರೆ. ವಿಡಿಯೊದಲ್ಲಿ ಇರುವುದು ಎರಡನೆಯದು.

ತಮ್ಮ: ಆದ್ರೂ ಗುರ್ ಅನ್ನುವುದು ತಪ್ಪಲ್ವಾ?

ನಾನು: ಗುರ್ ಅನ್ನುವುದು ಎಚ್ಚರಿಕೆ ಕಣೋ. ಅದಕ್ಕೆ ಬೈದು ಬಾಯಿ ಮುಚ್ಚಿಸಿದರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಅಂಥ ನಾಯಿ ಮುಂದೆ ಸದ್ದಿಲ್ಲದೆ ಕಚ್ಚಬಹುದು.
ಇನ್ನೊಂದು ವಿಷಯ. ಕಟ್ಟದ ನಾಯಿಗೆ ಭಯವಾದರೆ ಓಡಿಹೋಗಬಹುದು. ಲೀಶ್‌ನಲ್ಲಿರುವ ನಾಯಿ ಎಲ್ಲಿಗೆ ಓಡಬೇಕು? ಓಡುವ ದಾರಿ ಮುಚ್ಚಿದಾಗ ಅದು ಎಗರುತ್ತದೆ. ಬಿಟ್ಟು ನಡೆಸಿದರೆ ತುಂಬಾ ಸಾಧುವಾಗಿರುವ ನಾಯಿಗಳೂ ಲೀಶ್ ಹಾಕಿದಾಗ ಹೀಗೆ ಆಡುತ್ತವೆ.

ಚಿಕ್ಕಪ್ಪ: ನಮ್ಮವನನ್ನು ನಾನು ಬಿಟ್ಟೇ ಓಡಾಡಿಸುತ್ತೇನೆ. ಇಷ್ಟು ವರ್ಷದಲ್ಲಿ ಯಾರಿಗೂ ಏನೂ ಮಾಡಿಲ್ಲ. ಎಲ್ಲರ ಹತ್ತಿರ ಪ್ರೀತಿಯಿಂದ ಹೋಗುತ್ತಾನೆ. ಯಾರಾದರೂ ಹೆದರಿದರೆ ‘ಏನೂ ಮಾಡಲ್ಲ, ಬನ್ನಿ’ ಅಂತ ನಾನೇ ಹೇಳುತ್ತೇನೆ.

ಅತ್ತೆ: ನಾನು ಇಷ್ಟು ದಿನ ಸುಮ್ನೆ ಇದ್ದೆ. ಇವತ್ತು ಹೇಳಿಬಿಡುತ್ತೇನೆ. ನಿನ್ನ ನಾಯಿ ಒಳ್ಳೆಯದೇ ಕಣೋ, ನನಗೆ ಗೊತ್ತು. ಆದರೆ ಅದು ಓಡಿ ಬರುವಾಗ ನನ್ನ ಕಾಲು ನಡುಗುತ್ತದೆ. ಕಚ್ಚುತ್ತದೆ ಅಂತಲ್ಲ. ತಳ್ಳಿದರೆ ಬೀಳುತ್ತೇನೆ ಅಂತ. ಈ ವಯಸ್ಸಿನಲ್ಲಿ ಸೊಂಟ ಮುರಿದರೆ ಮತ್ತೆ ಏಳುವುದು ಕಷ್ಟ. ನೀನು ದೂರದಿಂದ ‘ಏನೂ ಮಾಡಲ್ಲ’ ಅಂತ ಕೂಗಿದರೆ ನನ್ನ ಕಾಲಿಗೆ ಬಲ ಬರುತ್ತದಾ?

ಚಿಕ್ಕಪ್ಪ: ಅಕ್ಕಾ, ನೀನು ಇದನ್ನು ಒಂದು ಸಲವೂ ಹೇಳಲಿಲ್ಲವಲ್ಲ.

ಅತ್ತೆ: ಎದುರು ಸಿಕ್ಕವರೆಲ್ಲ ಬಾಯಿ ಬಿಟ್ಟು ಹೇಳಲಿ ಅಂತ ಕಾಯುತ್ತೀಯಾ?

ಭಾವ: ಬೆಳಗ್ಗೆ ಓಡಲು ಹೋಗುವವರ ಕಷ್ಟವೂ ಇದೇ. ಹಿಂದೆ ನಾಯಿ ಬಂದರೆ ನಾನು ಓಟ ನಿಲ್ಲಿಸಿ ನಡೆಯುತ್ತೇನೆ. ಓಡಿದರೆ ಅಟ್ಟಿಸಿಕೊಂಡು ಬರುತ್ತದೆ. ದಾರಿ ಕಿರಿದಾಗಿದ್ದರೆ ನಾಯಿಯನ್ನು ತಮ್ಮ ಇನ್ನೊಂದು ಬದಿಗೆ ಎಳೆದುಕೊಳ್ಳುವವರು ಇದ್ದಾರೆ. ಅವರನ್ನು ಕಂಡರೆ ಖುಷಿಯಾಗುತ್ತದೆ. ಅವರು ಮಾಡುವುದು ಒಂದು ಹೆಜ್ಜೆಯ ಕೆಲಸ ಅಷ್ಟೇ.

ತಮ್ಮ: ಹಾಗಾದರೆ ನಾಯಿಗಳು ಒಂದಕ್ಕೊಂದು ಸ್ನೇಹ ಮಾಡುವುದೇ ಬೇಡವಾ?

ನಾನು: ಮಾಡಲಿ. ಕೇಳಿ ಮಾಡಲಿ. ‘ನಮ್ಮ ನಾಯಿ ಹತ್ತಿರ ಬರಬಹುದಾ?’ ಅಂತ ದೂರದಿಂದಲೇ ಕೇಳಬೇಕು. ಬೇಡ ಅಂದರೆ ಮುಗಿಯಿತು, ಯಾಕೆ ಅಂತ ಕೇಳಬಾರದು. ಆ ನಾಯಿಗೆ ಆಪರೇಷನ್ ಆಗಿರಬಹುದು, ಕಣ್ಣು ಮಂಜಾಗಿರಬಹುದು, ಹಿಂದೆ ಯಾವುದೋ ನಾಯಿ ಕಚ್ಚಿರಬಹುದು. ತರಬೇತಿ ನಡೆಯುತ್ತಿರಬಹುದು. ಏನೂ ಇಲ್ಲದಿದ್ದರೂ ಅವರ ಇಷ್ಟ.
ಸರಿ ಅಂದರೂ ಮುಖಕ್ಕೆ ಮುಖ ಕೊಟ್ಟು ನೇರ ನಡೆಸಬೇಡಿ. ನಾಯಿಗಳನ್ನು ಅವುಗಳ ಪಾಡಿಗೆ ಬಿಟ್ಟರೆ ನೇರ ಬಾರದೆ ಸುತ್ತಿ ಬರುತ್ತವೆ, ಪಕ್ಕದಿಂದ ಹಿಂದಕ್ಕೆ ಹೋಗಿ ಮೂಸುತ್ತವೆ. ನಾವು ಲೀಶ್ ಬಿಗಿ ಹಿಡಿದು ಎದುರಾಬದುರು ನಿಲ್ಲಿಸಿದರೆ ಗುರುತಿಲ್ಲದವರು ಓಡಿ ಬಂದು ತಬ್ಬಿಕೊಂಡ ಹಾಗೆ ಆಗುತ್ತದೆ. ಲೀಶ್ ಸಡಿಲ ಇರಲಿ. ಮೂರು ಸೆಕೆಂಡು ಮೂಸಲಿ, ಆಮೇಲೆ ಹೆಸರು ಹಿಡಿದು ಕರೆದು ಮುಂದೆ ನಡೆಯಿರಿ. ಎರಡಕ್ಕೂ ಮನಸ್ಸಿದ್ದರೆ ಜೊತೆಗೇ ಒಂದೇ ದಿಕ್ಕಿಗೆ ಸ್ವಲ್ಪ ದೂರ ನಡೆಸಿ. ಸ್ನೇಹ ಆಗುವುದು ಹಾಗೆ.

ಚಿಕ್ಕಮ್ಮ: ನಾವು ಆ ಉದ್ದ ಬಿಚ್ಚಿಕೊಳ್ಳುವ ರೀಲ್ ಲೀಶ್ ತೆಗೆದುಕೊಂಡರೆ ಸಾಕಲ್ವಾ? ಅವನಿಗೂ ಸ್ವಾತಂತ್ರ್ಯ, ನಮಗೂ ಹಿಡಿತ.

ನಾನು: ಜನ ಓಡಾಡುವ ಕಡೆ ಬೇಡ ಚಿಕ್ಕಮ್ಮ. ಅದು 5 ರಿಂದ 8 ಮೀಟರ್‌ವರೆಗೂ ಬಿಚ್ಚಿಕೊಳ್ಳುತ್ತದೆ. ನಾಯಿ ಅಷ್ಟು ದೂರ ಹೋದ ಮೇಲೆ ಹಿಡಿತ ಎಲ್ಲಿಂದ ಬಂತು? ತೆಳ್ಳಗಿನ ದಾರ ಸೈಕಲ್ಲಿನವರಿಗೆ ಕಾಣುವುದೂ ಇಲ್ಲ. ಅದನ್ನು ಕೈಯಲ್ಲಿ ಹಿಡಿದು ಬೆರಳು ಕುಯ್ದುಕೊಂಡವರೂ ಇದ್ದಾರೆ. 4 ರಿಂದ 6 ಅಡಿಯ ಮಾಮೂಲಿ ಲೀಶ್ ಸಾಕು.

ಅಕ್ಕ: ನಮ್ಮ ಮಗು ನಾಯಿ ಕಂಡರೆ ಸಾಕು, ಓಡಿ ಹೋಗಿ ತಲೆ ಮುಟ್ಟುತ್ತದೆ. ನಾಯಿ ಇಲ್ಲದವರೂ ಕಲಿಯಬೇಕಾದದ್ದು ಇದೆ ಅಲ್ವಾ?

ನಾನು: ಖಂಡಿತ ಇದೆ ಅಕ್ಕ. ಮೊದಲು ಯಜಮಾನರನ್ನು ಕೇಳಬೇಕು. ಅವರು ಹೂಂ ಅಂದ ಮೇಲೆ ನಾಯಿಯನ್ನೂ ಕೇಳಬೇಕು. ಅಂದರೆ ಪಕ್ಕಕ್ಕೆ ತಿರುಗಿ ನಿಂತು, ಅದು ತಾನಾಗಿ ಬರುತ್ತದಾ ನೋಡಬೇಕು. ಬಂದರೆ ಎದೆ, ಭುಜದ ಕಡೆ ಸವರಬಹುದು. ತಲೆಯ ಮೇಲಿಂದ ಕೈ ತರುವುದು, ಬಗ್ಗಿ ತಬ್ಬುವುದು ಬೇಡ. ಬರದಿದ್ದರೆ ಬಿಟ್ಟುಬಿಡಬೇಕು. ಗುರುತಿಲ್ಲದ ನಾಯಿ ಓಡಿ ಬಂದರೆ ಕಿರುಚಿ ಓಡದೆ, ಕೈ ಕೆಳಗೆ ಬಿಟ್ಟು ಮರದಂತೆ ನಿಲ್ಲಲು ಈಗಲೇ ಹೇಳಿಕೊಡು. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಯನ್ನಂತೂ ಮುಟ್ಟಲೂಬಾರದು, ಕರೆಯಲೂಬಾರದು. ಅದು ಆಗ ಕೆಲಸದಲ್ಲಿರುತ್ತದೆ.

ತಮ್ಮ: ಹಳದಿ ರಿಬ್ಬನ್ ಅಂತ ಏನೋ ಇದೆಯಲ್ಲ, ಅದೇನು?

ನಾನು: ಲೀಶ್‌ಗೆ ಹಳದಿ ರಿಬ್ಬನ್ ಕಟ್ಟಿದ್ದರೆ ‘ಈ ನಾಯಿಗೆ ದೂರ ಬೇಕು’ ಅಂತ. 2012ರಲ್ಲಿ ಕೆನಡಾದಲ್ಲಿ ಶುರುವಾದ ಯೆಲ್ಲೋ ಡಾಗ್ ಪ್ರಾಜೆಕ್ಟ್ ಇದನ್ನು ಹಲವು ದೇಶಗಳಿಗೆ ಹಬ್ಬಿಸಿತು. ಒಳ್ಳೆಯ ಗುರುತು. ಆದರೆ ರಿಬ್ಬನ್ ಇಲ್ಲ ಅಂದ ಮಾತ್ರಕ್ಕೆ ನುಗ್ಗಬಹುದು ಅಂತಲ್ಲ.

ಭಾವ: ಕಕ್ಕದ ವಿಷಯ ಯಾರೂ ಎತ್ತಲಿಲ್ಲ.

ಚಿಕ್ಕಮ್ಮ: ಅದು ಗೊಬ್ಬರ ಆಗುತ್ತದೆ, ಮಣ್ಣಿನಲ್ಲಿ ಬಿಟ್ಟರೆ ತೊಂದರೆ ಇಲ್ಲ ಅನ್ನುತ್ತಾರಪ್ಪ.

ನಾನು: ತೊಂದರೆ ಇದೆ. ನಾಯಿಯ ಹೊಟ್ಟೆಯಲ್ಲಿ ದುಂಡುಹುಳು ಇದ್ದರೆ ಮೊಟ್ಟೆಗಳು ಕಕ್ಕದ ಜೊತೆ ಹೊರಗೆ ಬರುತ್ತವೆ. ಬಂದ ಕೂಡಲೇ ಅವುಗಳಿಂದ ಸೋಂಕು ತಗಲುವುದಿಲ್ಲ, ಅದಕ್ಕೆ ಕೆಲವು ವಾರ ಬೇಕು. ಆಮೇಲೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲವು. ಮಣ್ಣಾಟ ಆಡಿ ಕೈ ಬಾಯಿಗೆ ಹಾಕುವ ಮಕ್ಕಳ ಹೊಟ್ಟೆಗೆ ಹೋಗುತ್ತವೆ. ಮರಿನಾಯಿಗಳನ್ನು ಕೊಲ್ಲುವ ಪಾರ್ವೊ ವೈರಸ್ಸೂ ಹಾಗೇ ಹರಡುತ್ತದೆ. ಆಗಲೇ ಚೀಲದಲ್ಲಿ ಎತ್ತಿ ಕಸದ ಡಬ್ಬಿಗೆ ಹಾಕಿದರೆ ಇಷ್ಟೂ ತಪ್ಪುತ್ತದೆ.

ಅಕ್ಕ: ಚೀಲ ಕಟ್ಟಿ ಗಿಡದ ಬುಡದಲ್ಲೇ ಇಟ್ಟು ಹೋಗುವವರೂ ಇದ್ದಾರೆ. ಅದು ಇನ್ನೂ ಬೇಸರ.

ಚಿಕ್ಕಪ್ಪ: ಎಲ್ಲ ಓದಿದೆ. ದಾರಿಯಲ್ಲಿ, ಜನ ಇರುವ ಕಡೆ ನಾಳೆಯಿಂದ ಲೀಶ್ ಹಾಕುತ್ತೇನೆ. ಅಕ್ಕನಿಗಾಗಿ. ಆದರೆ ಖಾಲಿ ಬಯಲಿನಲ್ಲಿ ಬಿಟ್ಟೇ ಬಿಡುತ್ತೇನೆ. ದಿನಪೂರ್ತಿ ಕಟ್ಟಿ ಸಾಕುವುದು ನನಗೆ ಹಿಂಸೆ ಅನಿಸುತ್ತದೆ. ಅದರಲ್ಲಿ ಯಾರ ಮಾತೂ ಕೇಳಲ್ಲ.

ನಾನು: ನಾಯಿ ಬಿಡಲು ಅನುಮತಿ ಇರುವ ಬಯಲಾದರೆ ಬಿಡಿ ಚಿಕ್ಕಪ್ಪ. ಓಡುವುದು ಅವನಿಗೂ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಬಿಡುವ ಮೊದಲು ಒಂದು ನೋಡಿಕೊಳ್ಳಿ. ದೂರದಲ್ಲಿ ಇನ್ನೊಂದು ನಾಯಿ ಕಂಡಾಗ, ಅವನು ಆ ಕಡೆ ಹೊರಟಾಗ, ಒಂದೇ ಸಲ ಕರೆದರೆ ತಿರುಗಿ ಬರುತ್ತಾನಾ?

ಚಿಕ್ಕಪ್ಪ: ಮನೆಯಲ್ಲಿ ಬರುತ್ತಾನೆ.

ನಾನು: ಹಾಗಾದರೆ ಉದ್ದ ಹಗ್ಗ ಕಟ್ಟಿ ಬಯಲಿನಲ್ಲಿ ಅಭ್ಯಾಸ ಮಾಡಿಸೋಣ. ಬಂದಾಗಲೆಲ್ಲ ಅವನಿಗೆ ಇಷ್ಟದ ತಿಂಡಿ ಕೊಡಿ. ತಡವಾಗಿ ಬಂದರೂ ಬೈಯಬೇಡಿ. ಭಾನುವಾರ ನಮ್ಮ ನಾಯಿಯನ್ನು ಕರೆದುಕೊಂಡು ಬರುತ್ತೇನೆ, ದೂರದಲ್ಲಿ ನಿಲ್ಲಿಸಿಕೊಂಡಿರುತ್ತೇನೆ. ನೀವು ಕರೆದು ನೋಡಿ.